ಮೂರು ಹಲ್ಲಿನ ಸೀಸೆ

ಚೇಳು ಕಡಿಯಬಹುದಿತ್ತು. ಜೇವರ್ಗಿಯ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ತೊಗರಿಕಟ್ಟಿಗೆಯ ಒಟ್ಟಿಲಿತ್ತು. ಅದನ್ನು ಅಲ್ಲಾಡಿಸಿದಾಗಲೆಲ್ಲ ಒಂದಾದರೂ ಚೇಳು ಕೊಂಡಿ ಎತ್ತಿಕೊಂಡು ಹೊರಬೀಳುತ್ತಿತ್ತು. ಬಾವಿಯ ಕಟ್ಟೆ ನನ್ನ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ. ಒಲೆಯ ಮೇಲಿನ ಸ್ನಾನದ ನೀರು ಮೈಮೇಲೆ ಸುರಿಯಬಹುದಿತ್ತು. ಒಡೆದ ಹಾಲನ್ನು ಗೊತ್ತಾಗದೆ ಕುಡಿಸಿಬಿಡಬಹುದಿತ್ತು. ಕಡಲೆಕಾಳು ಮೂಗಿಗೇರಬಹುದಿತ್ತು. ಕೊರಳ ಲಿಂಗದ ದಾರ ಮಲಗಿದಾಗ ಬಿಗಿಯಬಹುದಿತ್ತು. ಮೇಲಿನ ಗೂಡಿನಲ್ಲಿದ್ದ ಕಾರ್ಬಾಲಿಕ್ ಸೀಸೆ ತಾನಾಗಿ ಕೆಳಗಿನ ಗೂಡಿಗೆ ಇಳಿದು ಬರಬಹುದಿತ್ತು. ನಾನು ಚಿಂತೆಗೆ ಕೂತೆನೆಂದರೆ ಮನೆಯ ಸಾಮಾನುಗಳಿಗೆಲ್ಲ ಕಾಲು ಬರುತ್ತವೆ. ಇನ್ನು ಮೈಲಿ, ಕಾಲರಾ, ಗಂಟಲು ಬೇನೆ, ರಕ್ತಭೇದಿ. ಬೇರೆ ತಾಯಂದಿರಿಗೆ ಮಕ್ಕಳ ಬೇನೆಗಳ ಹೆಸರು ನಾಲ್ಕೋ ಐದೋ ಗೊತ್ತಿರುತ್ತವೆ. ನಾನು ಹೈದರಾಬಾದಿನಲ್ಲಿ ವರ್ಷಗಟ್ಟಲೆ ಕೂತು ಅವನ್ನೆಲ್ಲ ಬಾಯಿಪಾಠ ಮಾಡಿ ಬಂದವಳು. ಎಲ್ಲಕ್ಕಿಂತ ಮೇಲೆ, ನಮ್ಮನೆಯವರು ಸಂತೆಯಲ್ಲಿ ಯಾರೊಂದಿಗೋ ಮಾತಿಗೆ ನಿಂತು ಮಗಳನ್ನು ಅಲ್ಲೇ ಮರೆತು, ಕುಂಬಳಕಾಯಿಯೊಂದನ್ನು ಮಾತ್ರ ಜೋಪಾನವಾಗಿ ಎತ್ತಿಕೊಂಡು ಮನೆಗೆ ಬರಬಹುದಿತ್ತು.

ಒಂದು ಭಾನುವಾರ ಮುಂಜಾನೆ, ಬಾಗಿಲಲ್ಲಿ ನಿಂತ ಗಾಡಿಗೂ ಹೊಸ್ತಿಲಲ್ಲಿ ನಿಂತ ಮಗಳಿಗೂ ನಡುವೆ ಪೆಟ್ಟಿಗೆ ಹಿಡಿದು ನಿಂತಾಗ ನನ್ನ ತಲೆಯೊಳಗೆ ಓಡಿದ ಯಾದಿ ಇದು. ಪೂರ್ತಿ ಯಾದಿಯಲ್ಲ, ಪೂರ್ತಿ ಯಾದಿಯನ್ನು ದವಾಖಾನೆಯ ರಿಜಿಸ್ಟರಿನ ಎರಡು ಹಾಳೆಗಳ ಎರಡೂ ಮಗ್ಗುಲಿಗೆ ಬರೆದು ಗೋಡೆಯ ಮೊಳೆಗೆ ಚುಚ್ಚಿದ್ದೆ.

ಯುದ್ಧ ನಡೆದಿದ್ದ ವರ್ಷಗಳು. ಕ್ವಿನೈನಿಗೆ ಬರ, ಸೀಮೆಎಣ್ಣೆಗೆ ಸಾಲು. ನಾನು ಜೇವರ್ಗಿ ದವಾಖಾನೆಯಲ್ಲಿ ಹೆಂಗಸರ ಡಾಕ್ಟರು. ತಾಲೂಕಿಗೆಲ್ಲ ಒಬ್ಬಳೇ; ಊರವರು ನನ್ನನ್ನು ಬಾಯಾರು ಎನ್ನುತ್ತಿದ್ದರು. ಗಂಡು ಡಾಕ್ಟರಿಗೆ ನಾಲಿಗೆ ಕೂಡ ತೋರಿಸದ ಹೆಂಗಸರು ನನ್ನ ಮುಂದೆ ಎಲ್ಲವನ್ನೂ ಬಿಚ್ಚಿಡುತ್ತಿದ್ದರು. ಕರೆ ಬಂದರೆ ಹೋಗಲೇಬೇಕು. ನಾನು ಹೋಗದಿದ್ದರೆ ಹೋಗುವವರು ಬೇರೆ ಯಾರೂ ಇರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಬಾಗಿಲು ಒಂದೇ ಇರುವ ಕೋಣೆಯಲ್ಲಿ ಕೂತವಳು ಬಾಗಿಲ ಕಡೆ ನೋಡುವ ಹಾಗೆ ಹೇಳುತ್ತಿದ್ದೇನೆ.

ಮೊದಲು ಆಳಂದದಲ್ಲಿ ಇದ್ದೆ. ನಮ್ಮನೆಯವರು ಅಲ್ಲಿಯ ಸರಕಾರಿ ಶಾಲೆಯಲ್ಲಿ ಮಾಸ್ತರರು, ಅತ್ತೆಯ ಮನೆಯೂ ಅಲ್ಲೇ. ಮಗಳು ಅಜ್ಜಿಯ ತೊಡೆಯ ಮೇಲೆ ಬೆಳೆಯುತ್ತಿದ್ದಳು. ಆಮೇಲೆ ನನ್ನನ್ನು ಅಫಜಲಪುರಕ್ಕೆ ಹಾಕಿದರು, ಅಲ್ಲಿಂದ ಜೇವರ್ಗಿಗೆ. ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ಅಫಜಲಪುರದಲ್ಲಿ ನೋಡಿಕೊಳ್ಳಲು ಇಟ್ಟ ಹೆಂಗಸಿನ ಕೈಯಲ್ಲಿ ಎರಡು ಸಲ ಭೇದಿಗೆ ಬಿದ್ದು ಕೂಸು ಕಡ್ಡಿಯಾಯಿತು. ಆಗ ಒಂದು ದಿನ ನಮ್ಮನೆಯವರು ಹಾಸಿಗೆ ಸುತ್ತಿಕೊಂಡು ಬಂದು ನಿಂತರು.

"ರಜಾ ಎಷ್ಟು ದಿವ್ಸ ಅದ?" ಎಂದೆ.

"ರಜಾ ಇಲ್ಲ. ನೌಕರಿ ಬಿಟ್ಟೇನಿ. ಇಬ್ಬರೊಳಗ ಒಬ್ಬರು ಮನ್ಯಾಗ ಇರಬೇಕಲ್ಲ? ನನಗ ಹೆರಿಗಿ ಮಾಡ್ಸಾಕ ಬರಂಗಿಲ್ಲ."

ಅಷ್ಟೇ. ಜೇವರ್ಗಿಗೆ ಬಂದ ಮೇಲೆ ಪಡಸಾಲೆಯಲ್ಲಿ ವ್ಯಾಪಾರಿಗಳ ಮಕ್ಕಳಿಗೆ ಪಾಠ ಹೇಳುತ್ತ, ಮಗಳಿಗೆ ಎಣ್ಣೆ ಹಚ್ಚುತ್ತ, ಹೇನು ತೆಗೆಯುತ್ತ ಇದ್ದುಬಿಟ್ಟರು. ಹಿತ್ತಿಲ ಗೋಡೆಯಾಚೆ ಅಕ್ಕಪಕ್ಕದ ಹೆಂಗಸರು ತುದಿಗಾಲಲ್ಲಿ ನಿಂತು ನೋಡುತ್ತಿದ್ದರು. "ಬಾಯಾರ ಮನ್ಯಾಗ ಗಂಡಸೇ ಜಡಿ ಹಾಕ್ತಾನಂತ, ನೋಡು ಬಾ ಬೇ!" ನಮ್ಮನೆಯವರು ತಲೆ ಎತ್ತದೆ, "ನಿಮ್ಮ ಮಕ್ಕಳನ್ನೂ ಕಳಸ್ರೆವ್ವಾ, ಎಣ್ಣಿ ಭಾಳ ಅದ" ಎನ್ನುತ್ತಿದ್ದರು. ನಗೆ ಗೋಡೆಯಾಚೆ ಹೊರಳಾಡುತ್ತಿತ್ತು. ನನಗೆ ಅವರ ಬಗ್ಗೆ ಕೃತಜ್ಞತೆ ಇರಬೇಕಿತ್ತು, ಇತ್ತು ಕೂಡ. ಆದರೆ ಅದರ ಪಕ್ಕದಲ್ಲೇ ಒಂದು ಸಣ್ಣ ಹೊಟ್ಟೆಕಿಚ್ಚೂ ಕೂತಿತ್ತು. ಅವರು ಹಾಕಿದ ಜಡೆ ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ. ನಾನು ಹಾಕಿದ್ದು ಮಧ್ಯಾಹ್ನಕ್ಕೇ ಹೋಗುತ್ತಿತ್ತು.

ನಂಬಿಕೆ ಇರಲಿಲ್ಲವೆಂದಲ್ಲ. ಆದರೂ ದವಾಖಾನೆಯಿಂದ ದಿನಕ್ಕೆ ಮೂರು ಸಲ ನಮ್ಮ ಮುದುಕ ಕಂಪೌಂಡರನ್ನು ಮನೆಗೆ ಅಟ್ಟುತ್ತಿದ್ದೆ. ಅವರು ತಿರುಗಿ ಬಂದು ಎಂದಿನ ತಮ್ಮ ಮಾತಿನಲ್ಲಿ, "ಫಿಕರ್ ಬ್ಯಾಡ್ರಿ ಬಾಯಿಸಾಬ್. ಬಚ್ಚಿ ಖುಷಿ ಅದ, ಮಾಸ್ತರೂ ಖುಷಿ ಅದಾರ. ತಕಲೀಫ್ ಇದ್ದದ್ದು ನನ್ನ ಮೊಣಕಾಲಿಗಷ್ಟೇ" ಎನ್ನುತ್ತಿದ್ದರು.

ಅತ್ತೆಗೆ ಮಾತ್ರ ಇದು ಒಪ್ಪಿಗೆಯಿರಲಿಲ್ಲ. ಮಗ ನೌಕರಿ ಬಿಟ್ಟು ಒಲೆಯ ಮುಂದೆ ಕೂತದ್ದಕ್ಕೆ ಅವರು ಒಂದು ವರ್ಷ ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಮಾತಾಡಿದ ದಿನ ಷರತ್ತು ಹಾಕಿದರು.

"ನಿನ್ನ ನೌಕರಿ ನೀ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀ ಊರಾಗ ಇಲ್ಲದಾಗ ಕೂಸಿನ ಮೈಮ್ಯಾಲ ಒಂದು ಗೀರು ಬಿದ್ರೂ, ಆಳಂದಕ್ಕ ಕರಕೊಂಡು ಹೋಗ್ತೇನಿ. ದೊಡ್ಡಾಕಿ ಆಗೂತನಕ ನನ್ನ ಹತ್ರಾನೇ ಇರ್ತಾಳ. ಆಮ್ಯಾಲ ಅಳಬ್ಯಾಡ."

ನಮ್ಮನೆಯವರು ತಲೆಯಾಡಿಸಿದರು. ಅವರು ನನ್ನ ಮಾತಿಗೂ ತಲೆಯಾಡಿಸುತ್ತಾರೆ, ತಾಯಿಯ ಮಾತಿಗೂ ಆಡಿಸುತ್ತಾರೆ. ಅದೇ ಅವರ ದೊಡ್ಡ ಗುಣ. ಅತ್ತೆ ಆಡಿದ ಮಾತು ಬಿಡುವವರಲ್ಲ. ಭೀಮೆಯ ಆಚೆ ದಡದ ಊರಿಗೆ ಹೋಯಿತೆಂದರೆ ಕೂಸು ನನಗೆ ವರ್ಷಕ್ಕೆ ಎರಡು ಸಲ ಸಿಗುವ ನೆಂಟಳಾಗುತ್ತಿತ್ತು.

ಆ ಭಾನುವಾರದ ಗಾಡಿ ಅಂದೋಲಾದಿಂದಲೂ ಆಚೆಯ ಒಂದು ಹಳ್ಳಿಯಿಂದ ಬಂದಿತ್ತು. ಹೊಲಮನೆ ಇದ್ದವರ ಸೊಸೆ, ಚೊಚ್ಚಲು, ಎರಡು ದಿನದಿಂದ ಬೇನೆ ತಿನ್ನುತ್ತಿದ್ದಾಳೆ. ಹೋಗಲು ಒಂದು ದಿನ, ಅಲ್ಲೊಂದು ದಿನ, ಬರಲು ಒಂದು ದಿನ. ತಡವಾದರೂ ಬುಧವಾರ ಮನೆ. ಅದೇ ವಾರ ಅತ್ತೆ ಘತ್ತರಗಿಗೆ ಹೋಗಿ, ಭಾಗ್ಯವಂತಿಗೆ ಹೊತ್ತ ಹರಕೆ ತೀರಿಸಿ, ಶುಕ್ರವಾರಕ್ಕೆ ನಮ್ಮಲ್ಲಿಗೆ ಬರುವುದಾಗಿ ಹೇಳಿ ಕಳಿಸಿದ್ದರು. ಬುಧವಾರಕ್ಕೂ ಶುಕ್ರವಾರಕ್ಕೂ ನಡುವೆ ಒಂದು ಗುರುವಾರ ಉಳಿದಿತ್ತು. ಆ ಗುರುವಾರವನ್ನು ನಂಬಿ ಪೆಟ್ಟಿಗೆ ಎತ್ತಿಕೊಂಡೆ.

ಮಗಳಿಗೆ ಮೂರೂವರೆ ವರ್ಷ. "ಯಾವಾಗ ಬರ್ತಿ?" ಎಂದಳು. ಬುಧವಾರ ಎಂದರೆ ಅವಳಿಗೆ ಏನು ಗೊತ್ತಾಗಬೇಕು?

ಇಲ್ಲಿ ನಮ್ಮ ದವಾಖಾನೆಯ ಸೀಸೆಗಳ ಸಂಗತಿ ಹೇಳಬೇಕು. ಔಷಧಕ್ಕೆ ಬರುವವರು ಸೀಸೆ ತಾವೇ ತರಬೇಕು: ಎಣ್ಣೆಯ ಸೀಸೆ, ಅತ್ತರಿನ ಸೀಸೆ, ಏನಿತ್ತೆಂದು ಕೇಳಬಾರದ ಸೀಸೆ. ಕಂಪೌಂಡರು ಔಷಧ ತುಂಬಿ, ಕಾಗದದ ಉದ್ದ ಪಟ್ಟಿಯನ್ನು ಮಡಚಿ, ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ, ಜೋಳದ ಹಿಟ್ಟಿನ ಅಂಟಿನಿಂದ ಸೀಸೆಯ ಮಗ್ಗುಲಿಗೆ ಅಂಟಿಸುತ್ತಿದ್ದರು. ಎಷ್ಟು ಹೊತ್ತಿನ ಔಷಧವೋ ಅಷ್ಟು ಕಚ್ಚು. ಊರವರು ಅವನ್ನು ಹಲ್ಲು ಎನ್ನುತ್ತಿದ್ದರು. ಒಂದು ಹೊತ್ತಿಗೆ ಒಂದು ಹಲ್ಲು ಕುಡಿ ಎಂದು ಗಂಟಲು ಹರಿಯುವಂತೆ ಹೇಳಿ ಕಳಿಸಿದರೂ, ಬಹಳ ಜನ ದವಾಖಾನೆಯ ಮೆಟ್ಟಿಲು ಇಳಿಯುವ ಮುಂಚೆಯೇ ಸೀಸೆ ಬರಿದು ಮಾಡಿರುತ್ತಿದ್ದರು.

"ಎಲ್ಲಾ ಒಮ್ಮೆಲೇ ಕುಡದ್ಯೇನ್ ಬೇ?" ಎಂದು ಒಬ್ಬಳಿಗೆ ಕೂಗಾಡಿದ್ದೆ.

"ಹೌದ್ರಿ ಬಾಯಾರ. ನಾಲ್ಕು ದಿವ್ಸ ಯಾಕ ಕಾಯೂದು? ಇವತ್ತೇ ಆರಾಮ ಆಗಲಿ ಅಂತ."

"ಹಂಗ ಕುಡುದ್ರ ಸಾಯ್ತಿ!"

"ಸತ್ತಿಲ್ಲಲ್ರಿ," ಎಂದು ಅವಳು ಸಮಾಧಾನದಿಂದ ಖಾಲಿ ಸೀಸೆ ಮುಂದೆ ಚಾಚಿದ್ದಳು, ಇನ್ನೊಮ್ಮೆ ತುಂಬಲೆಂದು.

ಈ ಎಲ್ಲ ಅನುಭವವಿದ್ದೂ ನಾನು ಮಾಡಿದ್ದೇನು? ಒಂದು ಸೀಸೆ ತಂದೆ. ಸೋಂಪಿನ ನೀರಿಗೆ ಬೆಲ್ಲ ಕದಡಿ ತುಂಬಿದೆ. ಪಟ್ಟಿ ಕತ್ತರಿಸಿ ಮೂರು ಹಲ್ಲು ಮಾಡಿ ಅಂಟಿಸಿದೆ. ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ:

"ನಾಳಿಂದ ದಿನಾ ಮುಂಜಾನಿ ಒಂದು ಹಲ್ಲು ಕುಡೀಬೇಕು. ಸೀಸೆ ಖಾಲಿ ಆದ ದಿವ್ಸ ಅವ್ವ ಬರ್ತಾಳ."

"ಖಾಲಿ ಆದ್ರ ಬರ್ತಿ?"

"ಬರ್ತೇನಿ."

"ಖರೇನ?"

"ಖರೇ."

ನಮ್ಮನೆಯವರು ಗೋಡೆಗೆ ಚುಚ್ಚಿದ ಯಾದಿಯನ್ನು ಓದುತ್ತ ನಿಂತಿದ್ದರು. "ಭಾಳ ಚೊಲೊ ಬರದೀದಿ," ಎಂದರು. "ಹಾವಿಂದು ಮರ್ತೀದಿ." ಗಾಡಿ ಏರಿದ ಮೇಲೆ ಅದನ್ನೇ ನೆನೆದು ಅಂದೋಲಾದವರೆಗೂ ಹಾವಿನ ಚಿಂತೆ ಮಾಡಿದೆ. ನಡುನಡುವೆ ಸೀಸೆಯ ಉಪಾಯಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ. ಒಂದು ಸಲ ಗಾಡಿ ಹೊಡೆಯುವವನಿಗೂ ಹೇಳಿದೆ. ಅವನು, "ಡಾಕ್ಟರ್ ಅಂದ್ರ ಡಾಕ್ಟರ್ರಿ," ಎಂದ.

ಹೆರಿಗೆ ಸೋಮವಾರ ಮುಂಜಾನೆ ಆಯಿತು. ಕಾಲು ಮುಂದಾಗಿ ಬಂದ ಕೂಸು. ಬಸುರಿಯೂ ನಾನೂ ಇಬ್ಬರೂ ಬೆವೆತೆವು. ಕೊನೆಗೆ ತಾಯಿಯೂ ಉಳಿದಳು, ಮಗಳೂ ಉಳಿದಳು. ಬಾಣಂತಿಯ ಅತ್ತೆಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಆಕೆ ಕೂಸನ್ನು ಎತ್ತಿ ನೋಡಿ, "ಹೆಣ್ಣಾದ್ರೇನಾತು, ಇದೂ ನಿಮ್ಮಂಗ ಡಾಕ್ಟರ್ ಆಗಲಿರಿ," ಎಂದಳು. ನನಗೆ ಕೂಸಿನ ಮೇಲೆ ಅಯ್ಯೋ ಅನ್ನಿಸಿತು.

ಸೋಮವಾರ ಮಧ್ಯಾಹ್ನ ಮಳೆ ಹಿಡಿಯಿತು. ಸುರಿಯಿತು ಅನ್ನಬೇಕು. ಮಂಗಳವಾರ ಬಿಸಿಲು ಬಿದ್ದಾಗ ನಾನು ಪೆಟ್ಟಿಗೆ ಕಟ್ಟಿಕೊಂಡು ಪಡಸಾಲೆಗೆ ಬಂದೆ. ಗಾಡಿ ಅಂಗಳದಲ್ಲಿತ್ತು. ಮೂಕಿ ಎರಡೂ ನೆಲಕ್ಕೆ ಚಾಚಿದ್ದವು.

"ಆಯಿ, ಎತ್ತು ಎಲ್ಲಿ?"

"ಕೂರಿಗ್ಯಾಗ ಅವರಿ," ಎಂದಳು ಆಯಿ, ಅದೇನು ಕೇಳುವ ಮಾತೇ ಎಂಬಂತೆ. "ಮಳಿ ಆಗೇದ, ಹದ ಬಂದದ. ಬಿಳಿಜೋಳ ಬಿತ್ತೂದು ಬ್ಯಾಡೇನ್ರಿ?"

"ಹಂಗಾರ ಬ್ಯಾರೆಯವರ ಎತ್ತು ಕೊಡಿಸ್ರಿ."

"ಇವತ್ತು ಈ ಊರಾಗ ಎತ್ತಿನ ಬಾಲ ಸೈತ ಸಿಗಂಗಿಲ್ಲರಿ ಬಾಯಾರ. ಹದ ಆರೂತನಕ ದೇವರು ಬಂದು ಬೇಡಿದ್ರೂ ಯಾರೂ ಬಿಡಂಗಿಲ್ಲ."

"ನಾ ನಡಕೊಂಡು ಹೋಗ್ತೇನಿ."

ಪಡಸಾಲೆಯ ಹೆಂಗಸರೆಲ್ಲ ನಕ್ಕರು. "ಎರಿ ಹೊಲದಾಗ? ಮೊದಲು ಚಪ್ಪಲಿ ಹೋಗ್ತಾವರಿ, ಆಮ್ಯಾಲ ಕಾಲು."

ನಾನು ಹಟದಿಂದ ಹೊರಟೆ. ಊರ ಅಗಸಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದೊಂದು ಪಾದಕ್ಕೂ ಒಂದೊಂದು ಬೀಸುಕಲ್ಲು ಕಟ್ಟಿದಂತಾಯಿತು. ಎಡಚಪ್ಪಲಿ ಮಣ್ಣೊಳಗೆ ಉಳಿಯಿತು. ಅದನ್ನು ಹುಡುಕಲು ಬಗ್ಗಿ, ಕೈ ಮೊಣಕೈವರೆಗೆ ಕಪ್ಪಾಗಿ, ಬಲಚಪ್ಪಲಿಯೊಂದಿಗೆ ಹಿಂದಿರುಗಿದೆ. ಆಯಿ ಬಿಸಿನೀರು ಕಾಸಿಯೇ ಇಟ್ಟಿದ್ದಳು; ಅದೇ ಹೆಚ್ಚು ಅವಮಾನ.

"ಕುಂದ್ರರಿ ಸುಮ್ನ," ಎಂದಳು. "ಹೆಂಗೂ ಐದೇಶಿ ಆಗೂತನಕ ನಿಮ್ಮನ್ನ ನಾವು ಬಿಡಂಗಿಲ್ಲ. ಕೂಸಿನ ಜೀವಾ ತಂದಾಕಿ ನೀವು. ಸಟವಿಗೆ ಕೈಮುಗದು, ಉಂಡು, ಕುಬಸ ಉಡಿತುಂಬಿಸಿಕೊಂಡು ಶನಿವಾರ ಹೋಗ್ರಿ."

ಹುಟ್ಟಿದ ಐದನೆಯ ದಿನ ಸಟವಿತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ಪೂಜೆ ಮಾಡುತ್ತಾರೆ; ಅದೇ ಐದೇಶಿ. ಬರೆಯಲು ಅನುಕೂಲವಾಗಲೆಂದು ಖಾಲಿ ಹಾಳೆ, ಬೋರು ಕಡ್ಡಿಯ ಲೆಕ್ಕಣಿಕೆ ಇಡುತ್ತಾರೆ. ನನ್ನ ಎದೆಯ ಮೇಲೆ ಸಿಕ್ಕಿಸಿದ್ದ ಮಸಿಪೆನ್ನನ್ನು ನೋಡಿ ಆಯಿಯ ಕಣ್ಣು ಅರಳಿದವು. "ಡಾಕ್ಟರರ ಪೆನ್ನು! ಅದನ್ನೇ ಇಡೋಣು. ಬೋರು ಕಡ್ಡಿಲಿ ಬರದದ್ದಕ್ಕೇ ನಮ್ಮ ಹಣೆಬರಹ ಹಿಂಗಾಗೇದ." ಪೆನ್ನು ಅಂದೇ ದೇವರ ಗೂಡು ಸೇರಿತು. ಮನೆಗೆ ಒಂದು ಚೀಟಿ ಬರೆದು ಯಾರ ಕೈಯಲ್ಲಾದರೂ ಕಳಿಸೋಣವೆಂದರೆ ಈಗ ಪೆನ್ನೂ ಇಲ್ಲ. ಹೋಗುವವರಂತೂ ಮೊದಲೇ ಇರಲಿಲ್ಲ.

ಹಾಗೆ ನಾನು ಸಿಕ್ಕಿಬಿದ್ದೆ. ಬಾಗಿಲಿಗೆ ಬೀಗವಿಲ್ಲ, ಯಾರೂ ಕೈ ಹಿಡಿದಿಲ್ಲ. ಹೊತ್ತುಹೊತ್ತಿಗೆ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಬರುತ್ತಿವೆ. ನಾಲ್ಕು ದಿಕ್ಕಿಗೂ ಕಪ್ಪು ಕೆಸರು. ಎಲ್ಲರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಬುಧವಾರ ಮುಂಜಾನೆ ಎದ್ದಾಗ ಮೊದಲು ನೆನಪಾದದ್ದು ಸೀಸೆ. ಈಗ ಮೂರನೆಯ ಹಲ್ಲು ಕುಡಿಯುತ್ತಿದ್ದಾಳೆ. ಈಗ ಖಾಲಿಯಾಯಿತು. ಈಗ ಬಾಗಿಲ ಕಡೆ ನೋಡುತ್ತಿದ್ದಾಳೆ. ಗುರುವಾರ ಏನೆಂದುಕೊಂಡಾಳು? ನನ್ನನ್ನು ಹುಡುಕಿಕೊಂಡು ಒಬ್ಬಳೇ ದವಾಖಾನೆಗೆ ಹೊರಟಿದ್ದರೆ? ದಾರಿಯಲ್ಲಿ ಬಾವಿ. ಆ ಬಾವಿಯಿಂದ ಚೇಳಿಗೆ, ಚೇಳಿನಿಂದ ಕಾರ್ಬಾಲಿಕ್ಕಿಗೆ, ಅಲ್ಲಿಂದ ಸಂತೆಯ ಕುಂಬಳಕಾಯಿಗೆ ದಿನಕ್ಕೆ ಹತ್ತಾರು ಸುತ್ತು ಹಾಕಿದೆ. ಪ್ರತಿ ಸುತ್ತಿನ ಕೊನೆಯಲ್ಲೂ ಅತ್ತೆ ಗಾಡಿ ಹೂಡಿಸುತ್ತಿದ್ದರು.

ಗುರುವಾರ ಊರ ಹೆಂಗಸರು ಬರತೊಡಗಿದರು. ಡಾಕ್ಟರು ಸಿಕ್ಕಿದ್ದಾರೆ, ಓಡಿಹೋಗಲಾರರು ಎಂಬ ಸುದ್ದಿ ಹರಡಿತ್ತು. ಬಿಳಿಸೆರಗು, ಜಾರಿದ ಗರ್ಭಕೋಶ, ಮೂರು ವರ್ಷದಿಂದ ಮುಚ್ಚಿಟ್ಟ ಎದೆಯ ಗಂಟು. ಒಬ್ಬಳು ಹೋದರೆ ಇನ್ನೊಬ್ಬಳು. ಮುಸುಕು ತೆಗೆಯದೆ ಪಿಸುಗುಡುತ್ತಿದ್ದ ಒಬ್ಬ ಹುಡುಗಿಗೆ ಧೈರ್ಯ ಹೇಳುತ್ತ ಕೂತು ತಲೆ ಎತ್ತಿದಾಗ ಬಿಸಿಲು ಅಂಗಳದ ಆಚೆಗೆ ಸರಿದಿತ್ತು. ಅಷ್ಟು ಹೊತ್ತು ನನಗೆ ಮಗಳ ನೆನಪೇ ಬಂದಿರಲಿಲ್ಲ. ಯಾದಿಯಲ್ಲಿ ಇದನ್ನು ಬರೆದಿರಲಿಲ್ಲ. ಹಾವಿನಂತೆ ಇದನ್ನೂ ಮರೆತಿದ್ದೆ.

ಶುಕ್ರವಾರ ಸಂಜೆ ನನ್ನ ಪೆನ್ನಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದರು. ನಾನೂ ಕೈಮುಗಿದೆ. ಆ ಹೊತ್ತಿಗೆ ಅತ್ತೆ ಜೇವರ್ಗಿ ಮುಟ್ಟಿರಬೇಕು.

ಶನಿವಾರ ಹದ ಆರಿ ಎತ್ತು ಬಿಡುವಾದವು. ಕೋಳಿ ಕೂಗುವ ಎಷ್ಟೋ ಮುಂಚೆಯೇ ಹೊರಟ ನಮ್ಮ ಗಾಡಿ ಮಧ್ಯಾಹ್ನಕ್ಕೆ ಮಸೀದಿಯ ಮೂಲೆ ತಿರುಗಿದಾಗ ಮನೆಯ ಮುಂದೆ ಇನ್ನೊಂದು ಗಾಡಿ ನಿಂತಿತ್ತು. ಎತ್ತು ಹೂಡಿತ್ತು. ಅತ್ತೆಯ ಗಂಟು ಏರಿತ್ತು; ಅದರ ಮೇಲೆ ನನ್ನ ಮಗಳ ಬಟ್ಟೆಯ ಸಣ್ಣ ಗಂಟೂ ಇತ್ತು.

ಮಗಳು ಹೊಸ್ತಿಲ ಮೇಲೆ ಕೂತಿದ್ದಳು. ಒಂದೇ ಚಪ್ಪಲಿಯಲ್ಲಿ ಓಡಿದೆ. ಅವಳು ನನ್ನನ್ನು ನೋಡಿದಳು, ಏಳಲಿಲ್ಲ. ನಾನು ಅಲ್ಲೇ ಮಂಡಿಯೂರಿ ನೆತ್ತಿ, ಕಿವಿ, ಮೂಗು, ಕೊರಳು, ನಾಲಿಗೆ, ಅಂಗೈ, ಮೊಣಕಾಲು, ಕಾಲಬೆರಳ ಸಂದಿ ಎಲ್ಲ ನೋಡಿದೆ. ಮೈ ತಣ್ಣಗಿತ್ತು. ಜಡೆ ಬಿಗಿಯಾಗಿತ್ತು.

"ತಪಾಸಣಿ ಮುಗೀತೇನು?" ಎಂದರು ನಮ್ಮನೆಯವರು ಒಳಗಿನಿಂದ.

"ಗೀರು ಇಲ್ಲ," ಎಂದರು ಅತ್ತೆ. ಅವರು ಕಟ್ಟೆಯ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. "ನಿನ್ನಿ ಸಂಜಿನೇ ನಾನೂ ನೋಡೇನಿ. ಆದ್ರೂ ಕರಕೊಂಡು ಹೋಗಾಕ ನಿಂತಿದ್ನಿ. ಬುಧವಾರ ಅಂದಾಕಿ ಶುಕ್ರವಾರ ಬರಲಿಲ್ಲ ಅಂದ್ರ ಅದು ಗೀರಲ್ಲೇನು?"

ಎತ್ತು, ಹದ, ಸಟವಿ ಎಲ್ಲವನ್ನೂ ಬದಿಗಿಟ್ಟು ನಾನು ಮಗಳ ಬಟ್ಟೆಯ ಧೂಳು ಕೊಡವಿದೆ.

"ಗಾಡಿ ಹೂಡಿ ಒಂದು ತಾಸಾತು," ಎಂದು ಅತ್ತೆ ಮುಂದುವರಿಸಿದರು. "ಬತ್ತಾಸು ಕೊಟ್ನಿ, ಘತ್ತರಗಿ ಗೊಂಬಿ ಕೊಟ್ನಿ, ಎತ್ತಾಕ ಹೋದ್ನಿ. ಬಾಗಿಲ ತೋಳು ಹಿಡದು ಚೀರಿ ಓಣಿ ಕೂಡಿಸಿದ್ಲು. ಹೊಸ್ತಿಲ ಮ್ಯಾಲ ಕುಂದ್ರಬಾರದು ಬೇ ಅಂದ್ರ, ಅವ್ವ ಬರಾಕತ್ತಾಳ ಅಂತಾಳ. ನಿನ್ನಿಯಿಂದ ಅದೊಂದೇ ಮಾತು. ಥೇಟ್ ನಿನ್ನಂಗ ಹಟಮಾರಿ. ಇಟ್ಕೋ."

ತಾವೇ ಎದ್ದು ಸಣ್ಣ ಗಂಟನ್ನು ಗಾಡಿಯಿಂದ ಇಳಿಸಿ ನನ್ನ ಕೈಗೆ ಕೊಟ್ಟು, ಏರಿ ಕೂತರು. ಒಂದು ಲೋಟ ನೀರು ಕುಡಿದು ಹೋಗಿ ಎಂದರೂ ಕೇಳಲಿಲ್ಲ.

ಗಾಡಿ ಮರೆಯಾದ ಮೇಲೆ ಯಾದಿಯ ಮುಂದೆ ನಿಂತು ನಮ್ಮನೆಯವರನ್ನು ಒಂದೊಂದೇ ಕೇಳಿದೆ. ಚೇಳು? ಬರಲಿಲ್ಲ. ಬಾವಿ? ಅತ್ತ ಹಾಯಲೇ ಇಲ್ಲ. ಹಾಲು? ಒಡೆಯಲಿಲ್ಲ. ಸಂತೆ? ಹೋಗಲೇ ಇಲ್ಲ.

"ಸಂತಿಗಿ ಯಾಕ ಹೋಗಲಿಲ್ಲ?"

"ಹೆಂಗ ಹೋಗಲಿ? ಇಕಿ ಹೊಸ್ತಿಲ ಬಿಟ್ಟು ಏಳಂಗಿಲ್ಲ. ಊಟ ಅಲ್ಲೇ, ಜಡಿ ಅಲ್ಲೇ. ಪಾಠ ಹೇಳಾಕ ನಾನೂ ಅಲ್ಲೇ ಕುಂತೇನಿ. ನಿದ್ದಿ ಹತ್ತಿದ ಮ್ಯಾಲ ಎತ್ತಿ ಒಳಗ ಹಾಕ್ತಿದ್ನಿ; ಮುಂಜಾನಿ ಕಣ್ಣು ತೆರೆದ್ರ ಮತ್ತ ಅಲ್ಲೇ. ಓಣ್ಯಾಗ ಎಲ್ಲಾರೂ ನಕ್ಕಾರ."

"ಬುಧವಾರದಿಂದ?"

"ಭಾನುವಾರದಿಂದ," ಎಂದು ಅವರು ಗೂಡಿನಿಂದ ಸೀಸೆ ತೆಗೆದು ಕೊಟ್ಟರು. ಪಟ್ಟಿ ಹಾಗೇ ಇತ್ತು, ಮೂರು ಹಲ್ಲು ನೆಟ್ಟಗೆ. ಒಳಗೆ ಒಂದು ಹನಿಯಿರಲಿಲ್ಲ. ತಳದಲ್ಲಿ ಬೆಲ್ಲಕ್ಕೆ ಇರುವೆ ಹತ್ತಿದ್ದವು. "ನಿನ್ನ ಗಾಡಿ ಮಸೀದಿ ಮೂಲಿ ತಿರುಗಿದ್ದಿಲ್ಲ, ಎಲ್ಲಾ ಒಮ್ಮೆಲೇ ಕುಡದುಬಿಟ್ಲು. ಆಮ್ಯಾಲ ಹೋಗಿ ಹೊಸ್ತಿಲ ಮ್ಯಾಲ ಕುಂತ್ಲು. ಆ ದಿವ್ಸ ಜಮಖಾನಿ ತೋಯಿಸಿದ್ದು ಬಿಟ್ರ ಮತ್ತೇನೂ ಆಗಿಲ್ಲ."

ನಾನು ಸೀಸೆ ಹಿಡಿದು ಹೊಸ್ತಿಲಿಗೆ ಬಂದು ಮಗಳ ಪಕ್ಕದಲ್ಲಿ ಕೂತೆ. ದವಾಖಾನೆಯ ಮೆಟ್ಟಿಲ ಮೇಲೆ ಇಷ್ಟು ವರ್ಷ ಯಾರು ಯಾರಿಗೋ ಬೈದ ಮಾತೆಲ್ಲ ಬಾಯಿಯವರೆಗೆ ಬಂದು ನಿಂತವು. ಅವಳು ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ಮತ್ತೆ ನನ್ನ ತೊಡೆಯ ಮೇಲಿಟ್ಟಳು.

"ಇನ್ನೊಮ್ಮೆ ಹೋಗುವಾಗ," ಎಂದಳು, "ಸಣ್ಣ ಸೀಸೆ ಕೊಡು."